ಎರಡನೇ ಸಲ ಕೇಳುವುದು

ಮಗಳು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹರಡಿ, ಪೆನ್ನಿನ ಕ್ಯಾಪು ತೆಗೆದು, ನನ್ನೆದುರು ಕೂತಳು. ಅವತ್ತು ಸೋಮವಾರ, ನನಗೆ ರಜೆ. ಹೋಟೆಲಿನ ಅಡುಗೆಯವನಿಗೆ ಭಾನುವಾರ ಸಿಗುವುದು ಅಪರೂಪ. ಶಾಲೆಯಲ್ಲಿ ಅವಳಿಗೊಂದು ಪ್ರಾಜೆಕ್ಟ್ ಕೊಟ್ಟಿದ್ದರಂತೆ. ದೇಶದ ಜನ ಮತ ಹಾಕಿ ಮಾಡಿದ, ಆದರೆ ಜಗಳ ಮುಗಿಯದ ಒಂದು ತೀರ್ಮಾನವನ್ನು ಆರಿಸಿಕೊಳ್ಳಬೇಕು. ಅದನ್ನು ಮತ್ತೊಮ್ಮೆ ಮತಕ್ಕೆ ಇಡಬೇಕೋ ಬೇಡವೋ ಎಂದು ಇಪ್ಪತ್ತು ಜನರನ್ನು ಕೇಳಿ ಬರೆದುಕೊಂಡು ಹೋಗಬೇಕು.

"ಫಸ್ಟ್ ನೀನೇ, ಅಪ್ಪ," ಎಂದಳು. ನಮ್ಮ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ನಾವಿರುವ ಈ ಅತ್ಲೋನ್ ಊರಿನ ಹುಡುಗಿಯರ ರಾಗದಲ್ಲಿ. ಇಲ್ಲಿ ಅವಳ ಮಾತನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳು ಆರಿಸಿಕೊಂಡಿದ್ದು ಪೌರತ್ವದ ವಿಷಯ. ಹಿಂದೆ ಈ ದ್ವೀಪದಲ್ಲಿ ಹುಟ್ಟಿದ ಮಗು ಯಾರದೇ ಆಗಿರಲಿ, ಇಲ್ಲಿಯದೇ. ನಾವು ಬರುವುದಕ್ಕೆ ಕೆಲವು ವರ್ಷ ಮುಂಚೆ ಸರ್ಕಾರ ಇದನ್ನು ಬದಲಾಯಿಸೋಣವೇ ಎಂದು ಜನರನ್ನು ಕೇಳಿತು. ಜನ ಹೂಂ ಎಂದರು. ಅಂದಿನಿಂದ, ಹೊರಗಿನಿಂದ ಬಂದ ಅಪ್ಪ ಅಮ್ಮರಲ್ಲಿ ಒಬ್ಬರು ಹೆರಿಗೆಗೆ ಮೊದಲು ಮೂರು ವರ್ಷವಾದರೂ ಇಲ್ಲಿ ವಾಸ ಮಾಡಿರಬೇಕು. ಇಲ್ಲದಿದ್ದರೆ ಇಲ್ಲಿ ಹುಟ್ಟಿದರೂ ಮಗು ಇಲ್ಲಿಯ ಪ್ರಜೆಯಲ್ಲ.

"ಮತ್ತೆ ಕೇಳಬೇಕಾ? ಹೌದು, ಇಲ್ಲ, ಗೊತ್ತಿಲ್ಲ. ಮೂರರಲ್ಲಿ ಒಂದು."

"ಇಲ್ಲ ಅಂತ ಬರ್ಕೋ," ಎಂದೆ. ಯೋಚಿಸಲೂ ಇಲ್ಲ. "ಒಂದ್ಸಲ ಕೇಳಾಯ್ತು, ಜನ ಹೇಳಾಯ್ತು. ಬೇಕಾದ ಉತ್ತರ ಬರೋವರೆಗೂ ಕೇಳ್ತಾನೇ ಇರೋಕೆ ಅದೇನು ಮಕ್ಕಳಾಟಾನಾ? ರೂಲ್ ಅಂದ್ರೆ ರೂಲ್. ನಾವೆಲ್ಲ ರೂಲ್ ಪ್ರಕಾರಾನೇ ಬಂದಿರೋದು."

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡಳು. ಒಲೆಯ ಹತ್ತಿರ ನಿಂತಿದ್ದ ನನ್ನ ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

ಯಾಕೆಂದು ನನಗೆ ಗೊತ್ತಿತ್ತು. ಮಗಳು ಹುಟ್ಟಿದಾಗ ನಾನು ಈ ದೇಶಕ್ಕೆ ಬಂದು ಎರಡು ವರ್ಷ ಚಿಲ್ಲರೆ ಆಗಿತ್ತು, ಮೂರು ತುಂಬಿರಲಿಲ್ಲ. ಹೆಂಡತಿ ಬಂದದ್ದು ನನಗಿಂತ ಆಮೇಲೆ. ಅವಳದು ಇಂಡಿಯಾದ ಪಾಸ್‌ಪೋರ್ಟ್. ಇದು ಅವಳಿಗೆ ಗೊತ್ತಿಲ್ಲ ಎಂದು ನಾನು ನಂಬಿದ್ದೆ. ಆ ತಿಂಗಳ ಕೊನೆಗೆ ಅವಳ ಕ್ಲಾಸಿನವರೆಲ್ಲ ಬಸ್ಸಿನಲ್ಲಿ ಬೆಲ್‌ಫಾಸ್ಟಿಗೆ ಹೊರಟಿದ್ದರು. ಬೆಲ್‌ಫಾಸ್ಟ್ ಇರುವುದು ಇದೇ ದ್ವೀಪದಲ್ಲಿ, ಆದರೆ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ಆದರೂ ಇಂಡಿಯಾದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಶಾಲೆಯಿಂದ ಬಂದ ಚೀಟಿಯಲ್ಲಿ ಅದನ್ನು ಬರೆದಿದ್ದರು. ನಾನು ಓದಿ, ಸಹಿ ಹಾಕಿ ಕಳಿಸಿಬಿಟ್ಟಿದ್ದೆ.

"ಯಾರೂ ನೋಡಲ್ಲ ಬಿಡೇ," ಎಂದು ಹೆಂಡತಿಗೆ ಹೇಳಿದ್ದೆ.

"ನೋಡಿದ್ರೆ? ಒಂದೊಂದು ಸಲ ಬಸ್ ನಿಲ್ಲಿಸ್ತಾರಂತೆ. ಫ್ರೆಂಡ್ಸ್ ಎಲ್ಲರ ಮುಂದೆ ಅವಳೊಬ್ಬಳನ್ನೇ ಇಳಿಸಿದ್ರೆ ಏನ್ ಮಾಡ್ತೀರಿ?"

ಇಂಥ ಮಾತಿಗೆ ಸಿಕ್ಕಿಬಿದ್ದಾಗ ನಾನು ದನಿ ಏರಿಸುತ್ತೇನೆ. ಅವತ್ತೂ ಏರಿಸಿದ್ದೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೆಂಗಳೂರಿನ ದರ್ಶಿನಿಯೊಂದರಲ್ಲಿ ಲೋಟ ತೊಳೆದೆ, ದೋಸೆ ಕಲ್ಲಿನ ಮುಂದೆ ನಿಂತೆ, ಅಲ್ಲಿಂದ ದುಬೈ, ದುಬೈನಿಂದ ಇಲ್ಲಿ ಶಾನನ್ ನದಿಯ ದಡದ ಒಂದು ಹೋಟೆಲಿಗೆ. ಇವತ್ತು ಆ ಅಡುಗೆಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಯಾರ ಮುಂದೆಯೂ ಕೈ ಚಾಚಿಲ್ಲ. ಇಲ್ಲಿರುವ ನಮ್ಮ ಕನ್ನಡದವರೆಲ್ಲ ಸಾಫ್ಟ್‌ವೇರ್‌ನವರು, ಎಂಥ ಫಾರ್ಮ್ ಬಂದರೂ ಫೋನಿನಲ್ಲೇ ತುಂಬಿ ಮುಗಿಸುತ್ತಾರೆ. ನಾನೂ ಐದು ವರ್ಷ ತುಂಬಿದ ಮೇಲೆ ಯಾರನ್ನೂ ಕೇಳದೆ, ಡಿಕ್ಷನರಿ ಇಟ್ಟುಕೊಂಡು, ಪೌರತ್ವದ ಅರ್ಜಿ ಒಬ್ಬನೇ ತುಂಬಿದೆ. ಆರು ವಾರಕ್ಕೆ ಅದು ವಾಪಸ್ ಬಂತು. ನಮ್ಮಲ್ಲಿ ಮನೆತನದ ಹೆಸರು ಎಲ್ಲಿದೆ? ಜನನ ಪತ್ರದಲ್ಲಿ ಹೆಸರಿನ ಹಿಂದೆ ಬರೀ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಸಂಬಳದ ಚೀಟಿಯಲ್ಲಿ ಹುಟ್ಟೂರಿನ ಹೆಸರು. ಈ ಮೂವರೂ ಒಬ್ಬನೇ ಎಂದು ವಕೀಲರ ಮುಂದೆ ಪ್ರಮಾಣ ಮಾಡಿ ಕಳಿಸಿ ಎಂದು ಒಂದು ಕಾಗದ ಜೊತೆಗಿತ್ತು. ಮರ್ಯಾದೆಯಾಗಿಯೇ ಬರೆದಿದ್ದರು. ಆದರೆ ನಾನು ನಾನೇ ಎಂದು ಪ್ರಮಾಣ ಮಾಡಬೇಕೇ? ಲಕೋಟೆಯನ್ನು ಸೂಟ್‌ಕೇಸಿನ ತಳಕ್ಕೆ ಹಾಕಿದೆ. ಪರ್ಮಿಟ್ ಇದೆ, ಕೆಲಸ ಇದೆ, ಇಷ್ಟು ಸಾಕು ಎಂದುಕೊಂಡೆ. ಹಾಗೆಯೇ ವರ್ಷಗಳು ಹೋದವು.

ಮಗಳು ಮನೆಮನೆಗೆ ಒಬ್ಬಳೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೊರಟೆ. ಎರಡು ಬೀದಿ ಆಚೆಯ ಮೈಸೂರಿನ ಇಂಜಿನಿಯರ್ ಬಾಗಿಲಲ್ಲೇ ನಕ್ಕ. "ಅಣ್ಣ, ಈಗ ಅದನ್ನೆಲ್ಲ ಯಾಕೆ ಕೆದಕ್ತೀರಾ? ನಮ್ ಪೌರತ್ವ ಮುಂದಿನ ವರ್ಷ ಬರುತ್ತೆ. ಬರೋವರೆಗೂ ಸುಮ್ನಿರೋದೇ ಒಳ್ಳೇದು, ಇವರು ಹೇಳೋ ಥರ ಗ್ರ್ಯಾಂಡ್." ಮೂಲೆ ಅಂಗಡಿಯ ಹೆಂಗಸು ಹಾಗಲ್ಲ, ಹಾಳೆಯನ್ನೇ ಕಿತ್ತುಕೊಂಡು 'ಹೌದು' ಎಂಬಲ್ಲಿ ತಾನೇ ಗುರುತು ಹಾಕಿದಳು. ಹುಟ್ಟಿದ ಮಗು ಏನು ತಪ್ಪು ಮಾಡಿತ್ತು ಎಂದು ನನ್ನನ್ನೇ ಗದರಿಸಿದಳು. ನಾನು ತಲೆಯಾಡಿಸಿದೆ.

ಪಕ್ಕದ ಮನೆಯ ಮುದುಕರನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಬ್ರೆಡ್ ವ್ಯಾನ್ ಓಡಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ನನ್ನ ಮಗಳಿಗೆ ಸೈಕಲ್ ಕಲಿಸಿದ್ದು ಅವರೇ. ಒಳಗೆ ಕರೆದು ಟೀ ಕುಡಿಯುತ್ತೀರಾ ಎಂದರು. ಬೇಡ ಎಂದೆ. ಕಿವಿಗೇ ಹಾಕಿಕೊಳ್ಳದೆ ಕೆಟಲ್ ಇಟ್ಟರು.

ಮಗಳು ಪ್ರಶ್ನೆ ಓದಿದಳು. ಅವರು ಕೈ ಬೀಸಿಬಿಟ್ಟರು. ಅವಳನ್ನು ಅವರು ಮುದ್ದಿನಿಂದ ಕರೆಯುವುದು 'ಪೆಟ್' ಎಂದೇ.

"ಮತ್ತೆ ಮತ ಅಂತ ಮಾತ್ರ ನನ್ನ ಮುಂದೆ ಎತ್ತಬೇಡ, ಪೆಟ್. ಯುರೋಪಿನ ಒಪ್ಪಂದಕ್ಕೆ ನಾವು ನೋ ಅಂದ್ವಿ. ತಪ್ಪು ಉತ್ತರ, ಮತ್ತೆ ಬರ್ಕೊಂಡು ಬನ್ನಿ ಅಂತ ಮೇಷ್ಟ್ರ ಥರ ವಾಪಸ್ ಕಳಿಸಿದ್ರು. ಅದೂ ಎರಡು ಒಪ್ಪಂದಕ್ಕೆ. ಸಾಕಾಗಿದೆ."

"ಡಿವೋರ್ಸಿಗೆ ಅವಕಾಶ ಕೊಡ್ಬೇಕಾ ಅಂತಾನೂ ಎರಡು ಸಲ ಕೇಳಿದ್ರಲ್ಲ? ನಮ್ಮ ಪುಸ್ತಕದಲ್ಲಿದೆ. ಆಗ ನೀವೇನು ಹಾಕಿದ್ರಿ?"

"ಮೊದಲನೇ ಸಲ ನೋ." ಅವರು ಟೀಗೆ ಹಾಲು ಹಾಕಿದರು. "ಎರಡನೇ ಸಲ ಯೆಸ್."

"ಯಾಕೆ?"

"ನಡುವೆ ನಮ್ಮ ತಂಗಿ ಒಂದಿನ ಹೊಡೆತ ತಿಂದು ಊದಿದ ಮುಖದಲ್ಲಿ ನಮ್ಮನೆಗೆ ಬಂದಳು. ಅವಳ ಗಂಡ ಅಂಥವನು ಅಂತ ನನಗೆ ಗೊತ್ತಿರಲಿಲ್ಲ."

ಮಗಳು ಇದನ್ನು ಬರೆದುಕೊಳ್ಳಲಿಲ್ಲ. "ಮತ್ತೆ ಇದಕ್ಕೆ? ಪೌರತ್ವಕ್ಕೆ?"

"ಬದಲಾಯಿಸಿ ಅಂತಾನೇ ಹಾಕಿದೆ. ಸುಳ್ಳು ಯಾಕೆ ಹೇಳ್ಲಿ? ವಿಮಾನ ಇಳಿದು ನೇರ ಹೆರಿಗೆ ಆಸ್ಪತ್ರೆಗೆ ಹೋಗ್ತಾರೆ ಅಂತ ಎಲ್ಲರೂ ಹೇಳ್ತಿದ್ರು. ಅಂಥವರನ್ನ ತಡೆಯೋಕೆ. ನಿನ್ನಂಥವರಿಗಲ್ಲ, ನೀನು ಇಲ್ಲಿಯವಳು."

"ಅಲ್ಲ," ಎಂದಳು ಮಗಳು. "ನನ್ನದು ಇಂಡಿಯನ್ ಪಾಸ್‌ಪೋರ್ಟ್. ನಾನು ಹುಟ್ಟಿದಾಗ ಅಪ್ಪ ಬಂದು ಮೂರು ವರ್ಷ ಆಗಿರಲಿಲ್ಲ. ಬೆಲ್‌ಫಾಸ್ಟಿಗೂ ವೀಸಾ ಬೇಕು."

ದನಿಯಲ್ಲಿ ಅಳುವಿಲ್ಲ, ಸಿಟ್ಟಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ಮುದುಕರು ನನ್ನ ಕಡೆ ನೋಡಿದರು. ನಾನು ಟೀ ಲೋಟ ನೋಡಿದೆ. ಅವಳಿಗೆ ಗೊತ್ತಿತ್ತು. ಶಾಲೆಯ ಚೀಟಿ ಓದಿ ಪಾಸ್‌ಪೋರ್ಟ್ ತೆಗೆದು ನೋಡಿದ್ದಳು, ಆಮೇಲೆಯೇ ಈ ವಿಷಯ ಆರಿಸಿಕೊಂಡಿದ್ದಳು, ಆಮೇಲೆಯೇ ನನ್ನನ್ನು ಮೊದಲು ಕೇಳಿದ್ದಳು. ನಾನು ಇಲ್ಲ ಎಂದು ಬರೆಸಿದ್ದೆ.

"ನಿನಗೋಸ್ಕರ ಹೌದು ಅನ್ನಬಹುದು," ಎಂದರು ಮುದುಕರು ನಿಧಾನವಾಗಿ. "ಆದ್ರೆ ಈಗ ಗಾಳಿ ಸರಿಯಿಲ್ಲ ಪೆಟ್. ಪೇಟೆಯಲ್ಲಿ ಹೊರಗಿನಿಂದ ಬಂದವರ ಬಗ್ಗೆ ಏನೇನು ಮಾತಾಡ್ತಾರೆ ಅಂತ ನಿಮ್ಮಪ್ಪನಿಗೂ ಗೊತ್ತು. ಈಗ ಮತ್ತೆ ಕೇಳಿದ್ರೆ ಇರೋದನ್ನೂ ಕಿತ್ಕೋತಾರೇನೋ. ಗೊತ್ತಿಲ್ಲ ಅಂತ ಬರ್ಕೋ."

ಅವಳು ಬರೆದುಕೊಂಡಳು. ಥ್ಯಾಂಕ್ಸ್ ಹೇಳಿದಳು. ಟೀ ಪೂರ್ತಿ ಕುಡಿದಳು.

ಮನೆಗೆ ಬಂದವನೇ ನಾನು ಸೂಟ್‌ಕೇಸಿನ ಕಥೆಯೆಲ್ಲ ಹೇಳಿದೆ. ಹೇಳಿದರೆ ಅವಳಿಗೆ ನನ್ನ ಸ್ವಾಭಿಮಾನ ಅರ್ಥವಾಗುತ್ತದೆ ಎಂಬ ಹುಚ್ಚು ಆಸೆ.

"ವಾಪಸ್ ಬಂತು. ಆಮೇಲೆ?" ಎಂದಳು.

"ಆಮೇಲೇನು? ಒಂದ್ಸಲ ಬೇಡ ಅಂದ್ಮೇಲೆ ಮತ್ತೆ ಹೋಗಿ ಬಾಗಿಲು ತಟ್ಟೋದು ನನ್ನ ಜಾಯಮಾನದಲ್ಲೇ ಇಲ್ಲ."

ಹೆಂಡತಿ ತಡೆಯಲಾರದೆ ಬಂದಳು. ನರ್ಸಿಂಗ್ ಹೋಮಿನ ಕೆಲಸ ಮುಗಿಸಿ ಬಂದ ಯೂನಿಫಾರ್ಮಿನಲ್ಲೇ ಇದ್ದಳು.

"ನಿಮ್ಮ ಜಾಯಮಾನ ನನಗ್ ಗೊತ್ತಿಲ್ವೇನ್ರೀ? ಕನ್ನಡದವರೆಲ್ಲ ಸೇರೋ ಯುಗಾದಿ ಊಟಕ್ಕೆ ಬಾಡಿಗೆ ಹಾಲ್‌ನಲ್ಲಿ ನೀವೇ ಅಲ್ವಾ ಬಡಿಸೋದು? ಎಲೆ ಮುಂದೆ ಕೂತೋರು ಸಾಕು ಸಾಕು ಅಂತ ಕೈ ಅಡ್ಡ ಇಟ್ರೂ ಬಿಡಲ್ಲ. ಮೊದಲನೇ ಬೇಡ ಲೆಕ್ಕಕ್ಕಿಲ್ಲ, ಎರಡನೇ ಸಲ ಕೇಳದೋನು ಬಡಿಸೋಕೇ ಬರಬಾರದು ಅಂತ ಹುಡುಗರಿಗೆ ಬೈತೀರಿ. ಒಬ್ಬಟ್ಟು ಹಾಕೋಕೆ ಮೂರು ಸಲ ಬಗ್ಗೋ ಬೆನ್ನು, ಮಗಳಿಗೋಸ್ಕರ ಒಂದ್ಸಲ ಬಗ್ಗಲಿಲ್ವಲ್ಲ!"

"ಅದೂ ಇದೂ ಒಂದೇನಾ? ಸುಮ್ನಿರೇ."

"ನಾನು ಸುಮ್ನಿದ್ದೇ ಇಲ್ಲೀತನಕ ಬಂದಿರೋದು."

ಮಗಳು ಎದ್ದು ತನ್ನ ರೂಮಿಗೆ ಹೋದಳು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಬೈಯಬಹುದಿತ್ತು.

ಹೆಂಡತಿ ಹೇಳಿದ್ದು ನಿಜ. ಬಡಿಸುವಾಗ ಬೇಡ ಎಂದವರ ಮುಂದೆ ನಗುತ್ತ ನಿಲ್ಲುವವನು ನಾನು, ಏಕೆಂದರೆ ಅಲ್ಲಿ ಕೊಡುವ ಕೈ ನನ್ನದು. ಮತ್ತೆ ಬೇಡ ಎಂದರೂ ನನಗೇನೂ ನಷ್ಟವಿಲ್ಲ. ಬೇಡುವ ಕೈ ನನ್ನದಾದಾಗ ಮಾತ್ರ ಸ್ವಾಭಿಮಾನ ನೆನಪಾಗುತ್ತದೆ. ಇಷ್ಟು ವರ್ಷ ಅದನ್ನು ಸ್ವಾಭಿಮಾನ ಎಂದೇ ಹೇಳಿಕೊಂಡು ಬಂದೆ. ಅದು ಭಯ. ಮೊದಲ ಸಲ ಇಲ್ಲ ಎಂದರೆ ಕಾಗದ ಸರಿಯಿಲ್ಲ ಎನ್ನಬಹುದು. ಎಲ್ಲ ಸರಿಮಾಡಿ ಕೇಳಿದ ಮೇಲೂ ಇಲ್ಲ ಎಂದರೆ, ಇಲ್ಲ ಎಂದದ್ದು ನನಗೇ. ಈ ದೇಶದವರನ್ನು ಮತ್ತೆ ಕೇಳಿ ಎನ್ನಲು ನನ್ನ ನಾಲಿಗೆ ಹೊರಳದಿದ್ದದ್ದೂ ಅದಕ್ಕೇ. ಪಕ್ಕದ ಮನೆಯ ಮುದುಕರು ಒಳ್ಳೆಯವರು, ಸೈಕಲ್ ಕಲಿಸಿದವರು. ಅವರ ಕೈಗೆ ಎರಡನೇ ಸಲ ಮತಚೀಟಿ ಕೊಟ್ಟು, ಪರದೆಯ ಹಿಂದೆ ಅವರು ಮತ್ತೆ ಅದನ್ನೇ ಹಾಕಿದರೆ, ಮಾರನೇ ದಿನ ಅವರ ಟೀ ನಾನು ಹೇಗೆ ಕುಡಿಯಲಿ?

ಮಾರನೇ ವಾರ ಮೈಸೂರಿನ ಇಂಜಿನಿಯರ್ ಮನೆಗೆ ಲಕೋಟೆ ಹಿಡಿದುಕೊಂಡು ಹೋದೆ. ಅವನು ಓದಿ, "ಅಣ್ಣ, ಇದು ಹತ್ತು ನಿಮಿಷದ ಕೆಲಸ," ಎಂದ. ಅವನಿಗೆ ನನ್ನನ್ನು ಕೆಣಕುವ ಉದ್ದೇಶವಿರಲಿಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಗೆ ಬೇರೆ ಫಾರ್ಮ್ ಇದೆಯೆಂದೂ, ಅಪ್ಪನ ಅರ್ಜಿಗೆ ಕಾಯಬೇಕಾಗಿಲ್ಲವೆಂದೂ ಅವನಿಂದಲೇ ತಿಳಿಯಿತು. ಮಗಳ ಫಾರ್ಮನ್ನು ಮಗಳೇ ತುಂಬಿದಳು. ಪ್ರಶ್ನೆ ಓದುತ್ತಿದ್ದಳು, ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ವಕೀಲರ ಮುಂದೆ ನಿಂತು ನಾನು ನಾನೇ ಎಂದು ಪ್ರಮಾಣವನ್ನೂ ಮಾಡಿದೆ. ಅರ್ಜಿ ತಲುಪಿದೆ ಎಂದು ಕಾಗದ ಬಂದಿದೆ. ಇದನ್ನು ಬರೆಯುವ ಹೊತ್ತಿಗೆ ಅದರಾಚೆ ಏನೂ ಬಂದಿಲ್ಲ.

ಬೆಲ್‌ಫಾಸ್ಟಿನ ವೀಸಾಕ್ಕೆ ದಿನ ಮೀರಿತ್ತು. ಹೊರಡುವ ಹಿಂದಿನ ದಿನ ಸಂಜೆ ನಾನು, "ಜ್ವರ ಅಂತ ಫೋನ್ ಮಾಡ್ಲಾ? ನಾಳೆ ಮನೇಲೇ ಇರು, ನಾನೂ ರಜೆ ಹಾಕ್ತೀನಿ," ಎಂದೆ.

"ನನಗೆ ಜ್ವರ ಇಲ್ಲ, ಅಪ್ಪ. ಟೀಚರಿಗೆ ನಾನೇ ಹೇಳಿಯಾಯ್ತು. ಲೈಬ್ರರಿಯಲ್ಲಿ ಕೂತ್ಕೋತೀನಿ."

ಬೆಳಿಗ್ಗೆ ಕಾರಿನಲ್ಲಿ ಬಿಡಲು ಹೋದೆ. ಬಸ್ಸು ಗೇಟಿನ ಮುಂದೆಯೇ ನಿಂತಿತ್ತು, ಟೀಚರ್ ಹಾಳೆ ಹಿಡಿದು ಹೆಸರು ಕರೆಯುತ್ತಿದ್ದರು. ಮಕ್ಕಳೆಲ್ಲ ಬಣ್ಣದ ಬಟ್ಟೆಯಲ್ಲಿ, ನನ್ನ ಮಗಳೊಬ್ಬಳೇ ಯೂನಿಫಾರ್ಮಿನಲ್ಲಿ. ಅವಳು ಬಸ್ಸನ್ನು ದಾಟಿ ಹೋಗುವಾಗ ಅದರ ಕಿಟಕಿಯಿಂದ ಒಬ್ಬಳು ಗೆಳತಿ ತಲೆ ಹೊರಹಾಕಿ ಕೂಗಿದಳು.

"ಏಯ್, ಎಲ್ಲಿಗೆ ಹೋಗ್ತಿದ್ದೀಯ? ಹತ್ತೇ ಬೇಗ!"

"ನಾನು ಬರಲ್ಲ. ನನಗೆ ವೀಸಾ ಇಲ್ಲ!"

"ಯಾವುದಕ್ಕೆ? ಬೆಲ್‌ಫಾಸ್ಟಿಗಾ?"

ಬಸ್ಸಿನ ಆ ಕಡೆಯ ಕಿಟಕಿಗಳೆಲ್ಲ ಗೊಳ್ಳೆಂದು ನಕ್ಕವು. ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ, ಅವಳು ತಮಾಷೆ ಮಾಡುತ್ತಿದ್ದಾಳೆ ಎಂದೇ ತಿಳಿದರು. ನನ್ನ ಮಗಳು ಅಲ್ಲೇ ನಿಂತು, ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು, ತಾನೂ ಅವರ ಜೊತೆ ನಕ್ಕಳು. ನಾನು ಕಾರಿನ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟೆ. ಅವಳು ಅದನ್ನು ನೋಡಿ, ಬೇಡ ಎಂದು ತಲೆಯಾಡಿಸಿ, ಶಾಲೆಯ ಒಳಗೆ ಹೋದಳು.