ಆಟಿ ತಿಂಗಳಲ್ಲಿ ಬಿಯರ್ ಮಾರಲು ಹೋದದ್ದು

ಮೈಸೂರಿನಿಂದ ಹೊರಟ ಬಸ್ಸು ಬೆಳಗ್ಗೆ ಉಡುಪಿಯಲ್ಲಿ ನನ್ನನ್ನು ಇಳಿಸಿದಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೆಲ್ಜಿಯಂನ ಗೋಧಿ ಬಿಯರಿನ ಸ್ಯಾಂಪಲ್ ಬಾಟಲಿಗಳ ಚೀಲ. ಕೊಡೆ ಮೊದಲ ಗಾಳಿಗೇ ಮಗುಚಿಕೊಂಡಿತು. ಬಾಟಲಿಗಳನ್ನು ಮಾತ್ರ ಹಸುಗೂಸಿನ ಹಾಗೆ ಎದೆಗವಚಿಕೊಂಡು ಲಾಡ್ಜು ಸೇರಿದೆ.

ನಾನು ಆಮದು ಬಿಯರ್ ತರಿಸುವ ಕಂಪನಿಯೊಂದರಲ್ಲಿ ಮಾರಾಟದವನು. ನಮ್ಮ ರಾಜ್ಯದಲ್ಲಿ ಮಾಲು ಸರಕಾರಿ ಡಿಪೋದ ಮೂಲಕವೇ ಹೋಗಬೇಕು, ನಿಜ. ಆದರೆ ಡಿಪೋ ಯಾರಿಗೂ ‘ಇದನ್ನೊಮ್ಮೆ ಕುಡಿದು ನೋಡಿ’ ಎನ್ನುವುದಿಲ್ಲ. ಅದಕ್ಕೆ ಊರವರು ನಂಬುವ, ಎಲ್ಲ ಬಾರುಗಳ ಬಾಗಿಲು ತುಳಿಯುವ ಸ್ಥಳೀಯ ವಿತರಕ ಬೇಕು. ಅಂಥವರೊಬ್ಬರ ಸಹಿ ಹಾಕಿಸಿಕೊಂಡು ಬಾ, ಇಲ್ಲದಿದ್ದರೆ ಮಾಲು ಗೋವಾಕ್ಕೆ, ನೀನು ನಿನ್ನ ಮನೆಗೆ ಎಂದು ಮ್ಯಾನೇಜರು ನನ್ನನ್ನು ಕಳಿಸಿದ್ದರು. ನಗುತ್ತಲೇ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಎಲ್ಲರೂ ಬೆರಳು ತೋರಿಸಿದ್ದು ಸದಾನಂದಣ್ಣನ ಕಡೆಗೆ. ಬನ್ನಂಜೆಯಲ್ಲಿ ಅವರ ಕಚೇರಿ, ಅಂಬಲಪಾಡಿಯಲ್ಲಿ ಮನೆ. ಕಚೇರಿಗೇ ಹೋದೆ. ಅವರು ಸಾವಕಾಶವಾಗಿ ಒಂದು ಬಾಟಲಿ ತೆರೆದು, ಅರ್ಧ ಗ್ಲಾಸು ಕುಡಿದು, ಉಳಿದದ್ದನ್ನು ಬೆಳಕಿಗೆ ಹಿಡಿದರು. ಗೋಧಿ ಬಿಯರು ಕದಡಿದ ಹಾಗೆ ಇರುತ್ತದೆ; ಅದಕ್ಕೊಂದು ಭಾಷಣ ಸಿದ್ಧಮಾಡಿಕೊಂಡೇ ಹೋಗಿದ್ದೆ. ಬೇಕಾಗಲಿಲ್ಲ. ಕಳ್ಳು ಕಂಡ ಊರಿನವರಿಗೆ ಕದಡಿದ್ದು ಹೊಸತೇನಲ್ಲ ಎಂದು ಅವರೇ ನಕ್ಕರು. ನಾನು ಒಪ್ಪಂದದ ಹಾಳೆ ತೆಗೆದೆ. ಅವರು ಅದನ್ನು ಮೆಲ್ಲನೆ ನನ್ನ ಕಡೆಗೇ ಸರಿಸಿದರು.

“ಮಾಲು ಒಳ್ಳೆಯದುಂಟು. ಆದರೆ ಈಗ ಆಟಿ ಅಲ್ವಾ? ಆಟಿಯಲ್ಲಿ ನಾವು ಹೊಸತು ಎಂತದೂ ಶುರು ಮಾಡುವುದಿಲ್ಲ. ಸೋಣ ಬರಲಿ, ಮಾಡುವ.”

ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ವ್ಯಾಪಾರವಂತೂ ಇಲ್ಲವೇ ಇಲ್ಲ. ಅದು ಮುಗಿದು ಸೋಣ ಹುಟ್ಟಿದ ಮೇಲೆಯೇ ಶುಭಕಾರ್ಯ. ಇಷ್ಟನ್ನೂ ತಿಳಿದುಕೊಳ್ಳದೆ ಬಿಯರ್ ಹೊತ್ತು ಬಂದಿದ್ದ ನನ್ನ ಬುದ್ಧಿಗೆ ಏನು ಹೇಳಲಿ! ಸೋಣದವರೆಗೆ ಕಂಪನಿ ಕಾಯುವುದಿಲ್ಲ ಎಂದೆ. ಅವರು ಬೇಸರಿಸಿಕೊಳ್ಳದೆ, ನಾಡಿದ್ದು ಆಟಿ ಅಮಾವಾಸ್ಯೆ, ಬೆಳಗ್ಗೆ ಮನೆಗೆ ಬನ್ನಿ ಎಂದು ಕರೆದರು.

ಮಧ್ಯಾಹ್ನ ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆ. ಐದೇ ಕಿಲೋಮೀಟರು, ಆದರೆ ಏರುದಾರಿ. ಮೇಲೆ ಹತ್ತಿದರೆ ಬೇರೆಯೇ ಊರು. ಹಿಂದಿ, ಮಲಯಾಳ, ಇಂಗ್ಲಿಷುಗಳ ನಡುವೆ ಕನ್ನಡವೇ ಅತಿಥಿ. ಅಲ್ಲಿನ ಒಂದು ರೆಸ್ಟೊರೆಂಟಿನ ಮಾಲೀಕರು ರುಚಿ ನೋಡಿ ತಲೆದೂಗಿದರು. ನನ್ನ ಎದೆ ಉಬ್ಬುವಷ್ಟರಲ್ಲಿ, ಸದಾನಂದಣ್ಣ ಎಂತ ಹೇಳಿದರು ಎಂದು ಕೇಳಿದರು. ಉಬ್ಬಿದ್ದು ಇಳಿಯಿತು.

ಮರುದಿನ ಬೆಳಗ್ಗೆ ಕಾಪುವಿನಲ್ಲೂ ಅದೇ ಪ್ರಶ್ನೆ. ಮೀನುಗಾರಿಕೆಗೆ ರಜೆ, ದೋಣಿಗಳು ಟಾರ್ಪಾಲು ಹೊದ್ದು ದಡದಲ್ಲಿ ಕೂತಿದ್ದವು. ದೀಪಸ್ತಂಭದ ಬಂಡೆಗೆ ಸಮುದ್ರ ಬಡಿಯುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಬಾರಿನ ಯಜಮಾನರು ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ತರಿಸಿ ನನ್ನನ್ನು ಕೂರಿಸಿದರು. ಹಸಿ ಮೀನಿಲ್ಲದ ಕಾಲದಲ್ಲಿ ಬಂದಿರಲ್ಲ ಎಂದು ಅವರೇ ಮರುಗಿದರು. ಆ ಚಟ್ನಿಗೆ ನಾನು ಮೂರು ಸಲ ಗಂಜಿ ಹಾಕಿಸಿಕೊಂಡೆ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಆರ್ಡರನ್ನೂ ಕೊಡಲಿಲ್ಲ, ಸದಾನಂದಣ್ಣ ತಂದರೆ ಇಡುವ ಎಂದರು.

ಆಗ ನನಗೊಂದು ಕಿಡಿಗೇಡಿ ಯೋಚನೆ ಹೊಳೆಯಿತು. ಕಾರ್ಕಳದಲ್ಲಿ ವಲೇರಿಯನ್ ಎಂಬ ಇನ್ನೊಬ್ಬ ವಿತರಕರಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತರು. ಅವರಿಗೆ ಆಟಿಯ ಕಟ್ಟು ಯಾಕಿರಬೇಕು? ಶಿರ್ವ, ಬೆಳ್ಮಣ್ಣು ದಾರಿಯಾಗಿ ಬಸ್ಸು ಹಿಡಿದು ಸಂಜೆಗೆ ಕಾರ್ಕಳ ಸೇರಿದೆ. ಕಪ್ಪು ಬಂಡೆಯ ಮೇಲೆ ಗೊಮ್ಮಟ ಮಳೆಗೆ ಮೈಯೊಡ್ಡಿ ನಿಂತಿದ್ದ. ಅವನಷ್ಟು ತಾಳ್ಮೆ ನಮ್ಮ ಮ್ಯಾನೇಜರಿಗಿದ್ದರೆ ಎಂದುಕೊಂಡೆ.

ವಲೇರಿಯನ್ನರಿಗೆ ಬಿಯರು ತುಂಬ ಹಿಡಿಸಿತು. ಡಿಸೆಂಬರಿನಲ್ಲಿ ಗಲ್ಫಿನವರೆಲ್ಲ ಮದುವೆಗೆ ಊರಿಗೆ ಬರುತ್ತಾರೆ, ಆಗ ಇದು ಸಾಲದೆ ಹೋದೀತು ಎಂದರು. ಜೇಬಿನಿಂದ ಪೆನ್ನು ತೆಗೆದು, ಉಡುಪಿಯಲ್ಲಿ ಯಾರನ್ನಾದರೂ ಕಂಡಿರಾ ಎಂದು ಕೇಳಿದರು. ಸುಳ್ಳು ಬಾಯಿಯವರೆಗೆ ಬಂದಿತ್ತು. ಆದರೆ ಎದುರಿಗಿದ್ದ ಮುಖ ನೋಡಿ ನಿಜವನ್ನೇ ಹೇಳಿಬಿಟ್ಟೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ನನಗೆ ಆಟಿ ಇಲ್ಲ, ಸರಿ. ಅವರಿಗೆ ಉಂಟಲ್ಲ ಮಾರಾಯ್ರೆ. ಅವರ ಕೈ ಕಟ್ಟಿರುವಾಗ ಅವರ ಎಲೆ ಎಳೆದುಕೊಂಡು ನಾನು ಉಣ್ಣುವುದಾ?”

ಸೋಣದವರೆಗೆ ಕಾದರೆ ನನ್ನ ಕೆಲಸವೇ ಹೋದೀತು ಎಂದೆ. ಅವರಿಗೆ ನಿಜವಾಗಿ ಸಂಕಟವಾಯಿತು. ಆದರೂ ಪೆನ್ನು ಜೇಬಿಗೇ ಹೋಯಿತು. ಬಸ್ಸಿನವರೆಗೆ ಕೊಡೆ ಹಿಡಿದು ಬಿಟ್ಟುಹೋದರು.

ಅಮಾವಾಸ್ಯೆಯ ಬೆಳಗ್ಗೆ ಅಂಬಲಪಾಡಿಯ ಮನೆಯಲ್ಲಿ ಸದಾನಂದಣ್ಣ ಒಂದು ಲೋಟ ಮುಂದಿಟ್ಟರು. ಪಾಲೆ ಮರದ ತೊಗಟೆಯ ಕಷಾಯ. ಸೂರ್ಯ ಹುಟ್ಟುವ ಮೊದಲು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ತೊಗಟೆಯಂತೆ. ವರ್ಷದ ಕಾಯಿಲೆಗಳಿಗೆಲ್ಲ ಮದ್ದಂತೆ. ಬಿಯರಿನ ಕಹಿಯನ್ನು ಹತ್ತು ವಿಧವಾಗಿ ಬಣ್ಣಿಸಿ ಹೊಟ್ಟೆ ಹೊರೆಯುವ ನನಗೆ ಈ ಕಹಿಗೆ ಒಂದು ಮಾತೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಹೇಗೋ ಮುಗಿಸಿದೆ. ಅವರು ತಂಬಿಗೆಯಿಂದ ಮತ್ತೆ ಅರ್ಧ ಲೋಟ ಬಗ್ಗಿಸಿದರು.

“ಇದನ್ನೂ ಕುಡಿಯಿರಿ. ಕಾರ್ಕಳಕ್ಕೆ ಹೋಗಿಬಂದ ಆಯಾಸ ಉಂಟಲ್ವಾ?”

ರಾತ್ರಿಯೇ ವಲೇರಿಯನ್ನರು ಫೋನು ಮಾಡಿದ್ದರಂತೆ. ನನ್ನ ಮೇಲೆ ದೂರು ಹೇಳಲು ಅಲ್ಲ, ಹುಡುಗನ ಕೆಲಸಕ್ಕೆ ಕುತ್ತು ಬಂದಿದೆ, ಏನಾದರೂ ದಾರಿ ನೋಡಿ ಎನ್ನಲು. ನಾಚಿಕೆಯಿಂದ ಆ ಅರ್ಧ ಲೋಟವನ್ನು ಒಂದೇ ಗುಟುಕಿಗೆ ಕುಡಿದೆ. ಸಹಿ ಆಗಲೂ ಆಗಲಿಲ್ಲ; ಸೋಣ ಹುಟ್ಟಿದ ದಿನವೇ ಮಾಡುವ ಎಂದು ಮಾತು ಕೊಟ್ಟರು, ಅಷ್ಟೆ. ಮನೆಯವರು ಬಡಿಸಿದ ಮೆಂತ್ಯದ ಗಂಜಿ ಉಂಡು ಹೊರಟೆ.

ಬಸ್ಸು ಹೆಜಮಾಡಿ ದಾಟುವಾಗ ಮ್ಯಾನೇಜರ ಫೋನು ಬಂತು. ಸಹಿ ಆಯಿತೇ ಎಂದರು. ಇಲ್ಲ, ಆದರೆ ಮಾತಾಗಿದೆ ಎಂದೆ. ಬರೀ ಮಾತು ನಂಬಿ ಮಾಲು ನಿಲ್ಲಿಸಲೇ ಎಂದು ನಕ್ಕರು. ನನಗೆ ಸಿಟ್ಟು ಬಂತು. ಸೋಣದ ದಿನ ಆ ಮಾತು ತಪ್ಪಿದರೆ ನನ್ನ ರಾಜೀನಾಮೆ ತೆಗೆದುಕೊಳ್ಳಿ ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದೆ. ಆ ಧೈರ್ಯ ನನ್ನದಲ್ಲ, ಆ ಇಬ್ಬರದು. ಮ್ಯಾನೇಜರು ಈ ಸಲ ನಗದೆ, ಸರಿ, ಸೋಣದವರೆಗೆ ಮಾತ್ರ ಎಂದರು. ಹಿಂತಿರುಗಿ ನೋಡಿದರೆ ಕಿಟಕಿಯ ತುಂಬ ಮಳೆಯೇ ಇತ್ತು.

ಸೋಣ ಸಂಕ್ರಮಣದ ಬೆಳಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಫೋನಿನಲ್ಲಿ ಸದಾನಂದಣ್ಣ. ಒಪ್ಪಂದದ ಹಾಳೆ ಎರಡು ತನ್ನಿ ಎಂದರು. ಎರಡು ಯಾಕೆ ಎಂದು ಕೇಳಿದೆ.

“ಉಡುಪಿ, ಮಣಿಪಾಲ, ಕಾಪು ನಾನು ನೋಡಿಕೊಳ್ಳುತ್ತೇನೆ. ಕಾರ್ಕಳ ವಲೇರಿಯನ್ನರಿಗೆ ಕೊಡಿ. ಇಡೀ ಕರಾವಳಿ ಕೈಗೆ ಬಂದಾಗ ಬೇಡ ಅಂದವರು ಅವರು.”