ಪದ್ಮಕ್ಕ ಹತ್ತದ ವಿಮಾನ

ಚಾಮರಾಜಪೇಟೆಯ ನಮ್ಮ ಮನೆಯಿಂದ ಹೊರಟಾಗ ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಧನುರ್ಮಾಸದ ಚಳಿ. ನೆರೆಹೊರೆಯವರು ಶಾಲು ಹೊದ್ದು ಗೇಟಿನ ಬಳಿ ಬಂದು ನಿಂತಿದ್ದರು. ಎದುರುಮನೆಯ ಶಾರದಮ್ಮ ನನ್ನ ಅಕ್ಕನ ಹಣೆಗೆ ಕುಂಕುಮವಿಟ್ಟು, "ಹುಷಾರಾಗಿ ಹೋಗ್ಬನ್ನಿ ಪದ್ಮಾವತಿ. ಅಲ್ಲಿಂದ ಫೋಟೋ ಕಳಿಸ್ಬೇಕು ಮತ್ತೆ" ಎಂದರು. ಅರವತ್ತು ದಾಟಿದ ಅಕ್ಕ ಮೊದಲ ಸಲ ವಿಮಾನ ಹತ್ತುವವಳಿದ್ದಳು. ಹೊಸ ಶೂ ಹಾಕಿಕೊಂಡಿದ್ದಳು. ಅದಕ್ಕೆ ಸಿಕ್ಕದಿರಲೆಂದು ಸೀರೆಯನ್ನು ಗೇಣುದ್ದ ಮೇಲಕ್ಕೆ ಉಟ್ಟಿದ್ದಳು.

ನಾವು ಹೊರಟಿದ್ದು ಗಲ್ಫಿನ ಒಂದು ಊರಿಗೆ, ಜಮೀಲಕ್ಕನನ್ನು ನೋಡಲು. ಜಮೀಲಕ್ಕ ನಮ್ಮ ಹಿಂದಿನ ಬೀದಿಯ ದರ್ಜಿಯ ಮಗಳು. ಒಂದನೇ ಕ್ಲಾಸಿನಿಂದಲೂ ಅಕ್ಕನಿಗೂ ಅವಳಿಗೂ ಒಂದೇ ಬೆಂಚು. ಮದುವೆಯಾಗಿ ಗಂಡನ ಜೊತೆ ಹೋದವಳು ಅಲ್ಲೇ ನೆಲೆನಿಂತಳು. ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಿದ್ದಳು, ಆಮೇಲೆ ಅದೂ ನಿಂತಿತು. ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣು ತೆಗೆಯಿತು, ಆಮೇಲೆ ಕಿಡ್ನಿಗೆ ಇಳಿಯಿತು. ಡಯಾಲಿಸಿಸ್ ಇಲ್ಲದೆ ವಾರ ಕಳೆಯುವಂತಿರಲಿಲ್ಲ. ವಿಡಿಯೋ ಕಾಲ್ ಮಾಡಿದರೆ ಅಕ್ಕ ಅವಳನ್ನು ನೋಡಬಹುದಿತ್ತು, ಅವಳು ಅಕ್ಕನನ್ನು ನೋಡುವಂತಿರಲಿಲ್ಲ. "ದನಿ ಕೇಳಿಸ್ತದೆ ಕಣೇ, ಆದ್ರೆ ಕೈಗೆ ಸಿಗಲ್ಲ ನೀನು. ಒಂದ್ಸಲ ಬಂದ್ಬಿಡು" ಎಂದು ದೀಪಾವಳಿಯ ದಿನ ಫೋನಿನಲ್ಲಿ ಕೇಳಿಕೊಂಡಳು. ಆ ವಾರವೇ ಅಕ್ಕ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು.

ಹಿಂದಿನ ದಿನ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ ಸೊಗಡಿನ ಅವರೆಕಾಯಿ ತಂದಿದ್ದೆವು. ಅಕ್ಕ ಸಂಜೆಯವರೆಗೂ ಕೂತು ಕಾಳು ಬಿಡಿಸಿ, ನೆನೆಸಿ, ಹಿತಕಿ, ಬೇಳೆಯನ್ನು ಕರಿದು ಡಬ್ಬಿಗೆ ತುಂಬಿದಳು. ನಾನು ಬೇಕರಿಯದು ತರುತ್ತೇನೆ ಎಂದದ್ದಕ್ಕೆ, "ಕಣ್ಣಿಲ್ಲದೋಳು ಕಣೋ. ವಾಸನೆಯಿಂದಲೇ ಕಂಡುಹಿಡೀತಾಳೆ" ಎಂದಿದ್ದಳು.

ಊರು ಏಳುವ ಮುಂಚೆ ಹೊರಟಿದ್ದರಿಂದ ಟ್ಯಾಕ್ಸಿ ಬೇಗ ಸಾಗಿತು. ಓಕಳಿಪುರಂ ದಾಟಿ ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳಿಗೆ ಎತ್ತರವೆಂದರೆ ಆಗದು.

"ಇದಕ್ಕೇ ಹೀಗಾದ್ರೆ ವಿಮಾನದಲ್ಲಿ ಹೇಗಕ್ಕ?" ಎಂದೆ.

"ಕಣ್ಮುಚ್ಕೊಂಡು ಕೂತಿರ್ತೀನಿ. ನೀನೇನು ಮಾತಾಡಿಸ್ಬೇಡ, ಅಷ್ಟೇ" ಎಂದಳು.

ವಿಮಾನ ನಿಲ್ದಾಣದಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡಿ ಬೋರ್ಡಿಂಗ್ ಪಾಸ್ ಕೊಟ್ಟಳು. ಅಕ್ಕನ ಪಾಸ್‌ಪೋರ್ಟನ್ನು ಮಾತ್ರ ತಿರುವಿ ತಿರುವಿ ನೋಡಿದಳು.

"ಮೇಡಂ, ನಿಮ್ಮ ಸರ್‌ನೇಮ್ ಏನು?"

"ಪದ್ಮಾವತಿ."

"ಅದು ನಿಮ್ಮ ಹೆಸರು. ಸರ್‌ನೇಮ್ ಜಾಗ ಖಾಲಿ ಇದೆ."

"ನನ್ನ ಹೆಸರೇ ಅಷ್ಟು ಕಣಮ್ಮ. ಅಪ್ಪ ಸ್ಕೂಲಿಗೆ ಸೇರಿಸಿದಾಗ ಅಷ್ಟೇ ಬರೆಸಿದ್ದು" ಎಂದು ಅಕ್ಕ ನಕ್ಕಳು.

ಹುಡುಗಿ ನಗಲಿಲ್ಲ. ಮೇಲಿನವರನ್ನು ಕರೆಸಿದಳು. ಬಂದಾತ ಕನ್ನಡದವನೇ, ಮರ್ಯಾದೆಯಿಂದಲೇ ಮಾತಾಡಿದ. ಆ ದೇಶದವರು ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು ಒಳಗೆ ಬಿಡುವುದಿಲ್ಲವಂತೆ. ಇಲ್ಲಿಂದ ಹತ್ತಿಸಿದರೆ ಅಲ್ಲಿಂದಲೇ ವಾಪಸು ಕಳಿಸುತ್ತಾರಂತೆ. ವೀಸಾ ಕೊಟ್ಟಿದ್ದಾರಲ್ಲ ಎಂದೆ. ವೀಸಾ ಬಂದಿದ್ದರೂ ಈ ನಿಯಮವೇ ಬೇರೆ ಎಂದ. ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನಮ್ಮ ಅಪ್ಪನ ಹೆಸರು ತೋರಿಸಿದೆ. "ಗೊತ್ತಾಗುತ್ತೆ ಸಾರ್. ಆದ್ರೆ ಸಿಸ್ಟಮ್ ತಗೊಳ್ಳಲ್ಲ. ನನ್ನ ಕೈಲಿ ಏನೂ ಇಲ್ಲ" ಎಂದ.

ನಾನೂ ಅದೇ ಅಪ್ಪನ ಮಗ. ನನ್ನ ಹೆಸರು ಶ್ರೀನಿವಾಸಮೂರ್ತಿ. ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಅದನ್ನು ಎರಡು ತುಂಡು ಮಾಡಿ ಮೂರ್ತಿಯನ್ನು ಸರ್‌ನೇಮ್ ಜಾಗಕ್ಕೆ ಹಾಕಿದ್ದರು. ಆಗ ಬೇಸರಪಟ್ಟಿದ್ದೆ. ಅದೇ ಈಗ ನನಗೆ ದಾರಿ ಬಿಟ್ಟಿತು. ಪದ್ಮಾವತಿಯನ್ನು ತುಂಡು ಮಾಡಲು ಯಾರಿಗೂ ಹೊಳೆದಿರಲಿಲ್ಲ.

ನಾನೂ ಹೋಗುವುದಿಲ್ಲ, ಇಬ್ಬರೂ ಮನೆಗೆ ಹೋಗೋಣ ಎಂದೆ. ಅಕ್ಕ ಒಪ್ಪಲಿಲ್ಲ.

"ಅವಳು ರಾತ್ರಿಯೆಲ್ಲ ನಿದ್ದೆ ಮಾಡಿರಲ್ಲ ಸೀನ. ಯಾರೂ ಬರ್ಲಿಲ್ಲ ಅಂದ್ರೆ ಏನಾಗ್ಬೇಡ? ನೀನಾದ್ರೂ ಹೋಗು."

"ನೀನು ಒಬ್ಬಳೇ ಮನೆಗೆ..."

"ಮೆಜೆಸ್ಟಿಕ್‌ಗೆ ಬಸ್ಸಿದೆ. ನಾನೇನು ಊರು ಗೊತ್ತಿಲ್ಲದೋಳಾ?"

ಓಡಾಡುವ ಜನರ ನಡುವೆ ನೆಲದ ಮೇಲೆ ಕೂತು ಅಕ್ಕ ತನ್ನ ಸೂಟ್‌ಕೇಸ್ ಬಿಚ್ಚಿದಳು. ಅವರೆಬೇಳೆಯ ಡಬ್ಬಿ, ಜಮೀಲಕ್ಕನಿಗೆಂದು ತಂದ ಮೈಸೂರು ರೇಷ್ಮೆ ಸೀರೆ, ಅವಳ ಮೊಮ್ಮಕ್ಕಳಿಗೆ ಚನ್ನಪಟ್ಟಣದ ಬುಗುರಿ, ಎಲ್ಲವನ್ನೂ ನನ್ನ ಚೀಲಕ್ಕೆ ದಾಟಿಸಿದಳು. ತೂಕ ಹೆಚ್ಚಾದೀತೆಂದು ನನ್ನ ಎರಡು ಅಂಗಿಗಳನ್ನು ತೆಗೆದು ತನ್ನಲ್ಲಿಟ್ಟುಕೊಂಡಳು. ಎದ್ದು ನಿಂತವಳು ಹಿಂದಿರುಗಿ ನೋಡದೆ ಬಾಗಿಲ ಕಡೆ ನಡೆದಳು. ಹೊಸ ಶೂ ಕಚ್ಚುತ್ತಿತ್ತೆಂದು ಕಾಣುತ್ತದೆ, ಸ್ವಲ್ಪ ಕುಂಟುತ್ತಿದ್ದಳು.

ಪ್ರಯಾಣ ನಾಲ್ಕು ಗಂಟೆ. ಪಕ್ಕದ ಸೀಟು ಖಾಲಿಯೇ ಬಂತು. ಕೊಟ್ಟ ಉಪ್ಪಿಟ್ಟು ತಣ್ಣಗಿತ್ತು, ತಿನ್ನುವ ಮನಸ್ಸೂ ಇರಲಿಲ್ಲ.

ಅಲ್ಲಿ ಇಳಿದಾಗ ಮಧ್ಯಾಹ್ನ. ನಮ್ಮ ಫೆಬ್ರವರಿಯಂಥ ಹಿತವಾದ ಬಿಸಿಲು. ಜಮೀಲಕ್ಕನ ಮಗ ಇಮ್ರಾನ್ ಕಾರು ತಂದಿದ್ದ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಅವನ ಮುಖ ಇಳಿಯಿತು. ವಿಷಯ ಹೇಳಿದೆ. "ಅಮ್ಮನಿಗೆ ನೀವೇ ಹೇಳಿ ಅಂಕಲ್, ನನ್ನಿಂದ ಆಗಲ್ಲ" ಎಂದ. ಅಗಲವಾದ ರಸ್ತೆ, ಎರಡೂ ಕಡೆ ಗಾಜಿನ ಕಟ್ಟಡಗಳು, ಅವುಗಳ ನಡುವೆ ನೀರುಣಿಸಿ ಬೆಳೆಸಿದ ಬೇವಿನ ಮರಗಳು.

ಜಮೀಲಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ಹೆಜ್ಜೆಯ ಸದ್ದು ಕೇಳಿ ಎರಡೂ ಕೈ ಚಾಚಿದಳು. ಬೇರೇನೂ ತೋಚದೆ ನಾನು ಹತ್ತಿರ ಹೋಗಿ ಕೈ ಕೊಟ್ಟೆ. ಬೆರಳುಗಳನ್ನು ಸವರಿದಳು, ಮಣಿಕಟ್ಟಿನ ಗಡಿಯಾರವನ್ನು ಮುಟ್ಟಿದಳು.

"ಇದು ಸೀನನ ಕೈ. ಪದ್ಮ ಎಲ್ಲಿ?"

ನಡೆದದ್ದನ್ನು ಹೇಳಿದೆ. ಅವಳು ಕಿವಿಗೊಟ್ಟು ಕೇಳಿದಳು. ಆಮೇಲೆ, ನಾನು ಎಣಿಸಿರದಂತೆ, ನಗತೊಡಗಿದಳು.

"ನನ್ಹತ್ರ ಕಥೆ ಕಟ್ತೀಯೇನೋ? ಹೆಸರು ಸಾಲ್ದು ಅಂತ ಯಾರಾದ್ರೂ ತಡೀತಾರಾ? ಸ್ಕೂಲಿಂದ ಬಸವನಗುಡಿಯ ಬಂಡೆ ತೋರ್ಸೋಕೆ ಕರ್ಕೊಂಡು ಹೋಗಿದ್ರು. ಹತ್ತಿದ್ಮೇಲೆ ಇಳಿಯೋಕಾಗ್ದೆ ಅತ್ತುಬಿಟ್ಟಳು ನಿಮ್ಮಕ್ಕ. ನಾನೇ ಕೈ ಹಿಡ್ದು ಇಳಿಸಿದ್ದು. ಏರ್‌ಪೋರ್ಟ್ ತನಕ ಬಂದಿರ್ತಾಳೆ, ಅಲ್ಲಿ ಧೈರ್ಯ ಸಾಲ್ಲಿಲ್ಲ. ಹೌದು ತಾನೆ?"

"ಇಲ್ಲ ಜಮೀಲಕ್ಕ, ನಿಜವಾಗ್ಲೂ..."

"ಹೋಗ್ಲಿ ಬಿಡು. ನಂಗೆ ಬೇಜಾರಿಲ್ಲ."

ಅಕ್ಕನಿಗೆ ಫೋನ್ ಹಚ್ಚಿಕೊಟ್ಟೆ. ಆ ಕಡೆಯಿಂದ ಅಳುವಷ್ಟೇ ಕೇಳಿಸಿತು. "ಅಳ್ಬೇಡ ಕಣೇ. ಹೆದರಿದ್ರೆ ತಪ್ಪೇನಿಲ್ಲ" ಎಂದು ಜಮೀಲಕ್ಕ ಸಮಾಧಾನ ಮಾಡಿದಳು. ಅಕ್ಕ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಆಸ್ಪತ್ರೆಗೆ ಹೊರಡುವ ಹೊತ್ತಾಯಿತೆಂದು ಸೊಸೆ ಗಾಲಿಕುರ್ಚಿ ತಂದಳು.

ಮೂರು ದಿನ ಅಲ್ಲಿದ್ದೆ. ಅವರೆಬೇಳೆಯ ಡಬ್ಬಿಯನ್ನು ಜಮೀಲಕ್ಕ ಮೂಗಿನ ಹತ್ತಿರ ಹಿಡಿದು ಕೂತಿರುತ್ತಿದ್ದಳು. ತಿನ್ನಲು ಡಾಕ್ಟರ ಅಪ್ಪಣೆ ಇರಲಿಲ್ಲ. ಬಂಡೆಯ ಕಥೆಯನ್ನು ಮತ್ತೆ ಮತ್ತೆ ಹೇಳಿದಳು, ಪ್ರತಿ ಸಲವೂ ನಕ್ಕಳು. ಇಷ್ಟು ನಕ್ಕಿದ್ದನ್ನು ನೋಡಿ ವರ್ಷವಾಯಿತು ಎಂದು ಇಮ್ರಾನ್ ಹೇಳಿದ. ಹಾಗಾಗಿ ಹೆಸರಿನ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ. ಎತ್ತಿ ಬಿಡಿಸಿ ಹೇಳಬೇಕಿತ್ತು ಎಂದು ಈಗ ಅನಿಸುತ್ತದೆ.

ಹಿಂತಿರುಗಿದಾಗ ನಮ್ಮ ಮನೆಗೆ ಬೀಗ ಹಾಕಿತ್ತು. ಶಾರದಮ್ಮ ಹೊರಗೆ ಬಂದು, "ಪದ್ಮಾವತಿ ಅಲ್ಲೇ ಉಳಿದ್ರಾ?" ಎಂದು ಕೇಳಿದರು. ಮನೆಯಲ್ಲಿದ್ದೇನೆ ಎಂದೇ ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಫೋನ್ ಮಾಡಿದರೆ ಕುಮಾರ ಪಾರ್ಕಿನಲ್ಲಿ, ಹಿಂದೆ ತನ್ನ ಜೊತೆಗೆ ಕೆಲಸ ಮಾಡಿದ್ದ ನಾಗರತ್ನಮ್ಮನ ಮನೆಯಲ್ಲಿದ್ದಳು. ಆಟೋ ಹಿಡಿದು ಹೋದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಳು.

"ಎಲ್ಲಾ ಕುಂಕುಮ ಇಟ್ಟು ಕಳಿಸಿದ್ರಲ್ಲೋ. ಅದೇ ಬೆಳಿಗ್ಗೆ ವಾಪಸ್ ಹೋಗಿ ಗೇಟ್ ತೆಗೆಯೋಕೆ ಕಾಲು ಬರ್ಲಿಲ್ಲ" ಎಂದಳು.

ಮನೆಗೆ ಬರುವಾಗ ದಾರಿಯಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಂಡಳು: ಮನೆ ಹೇಗಿದೆ, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ, ಕೂದಲು ಪೂರ್ತಿ ಬೆಳ್ಳಗಾಗಿದೆಯೇ. ಕೊನೆಗೆ, "ಹೆದರಿ ಬರ್ಲಿಲ್ಲ ಅಂತಲೇ ತಿಳ್ಕೊಂಡಿದಾಳೆ ಅಲ್ವಾ? ಇರ್ಲಿ. ಹೊಸ ಪಾಸ್‌ಪೋರ್ಟ್ ಬರ್ಲಿ, ಹೋಗಿ ಮುಂದೆ ನಿಂತ್ರೆ ಅವಳಿಗೇ ಗೊತ್ತಾಗುತ್ತೆ" ಎಂದಳು.

ಮರುದಿನವೇ ಅರ್ಜಿ ಕೊಟ್ಟೆವು. ಶಿವರಾತ್ರಿ ಕಳೆದ ವಾರ ಇಮ್ರಾನ್ ಫೋನ್ ಮಾಡಿದ. ಡಯಾಲಿಸಿಸ್ ನಡೆಯುತ್ತಿರುವಾಗಲೇ ಜಮೀಲಕ್ಕ ಹೋಗಿಬಿಟ್ಟಿದ್ದಳು. ಪಾಸ್‌ಪೋರ್ಟ್ ಬಂದದ್ದು ಅದಾದ ಮೇಲೆ. ಪದ್ಮಾವತಿ ಒಂದು ಸಾಲಿನಲ್ಲಿ, ಅಪ್ಪನ ಹೆಸರು ನಂಜುಂಡಯ್ಯ ಇನ್ನೊಂದು ಸಾಲಿನಲ್ಲಿ. ಯಾರೂ ತಡೆಯುವಂತಿರಲಿಲ್ಲ.

ಅಕ್ಕ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಜಗಲಿಯ ಮೇಲೆ ಹೋಗಿ ಕೂತಳು.

"ನಾನು ವಿಮಾನಕ್ಕೆ ಹೆದರಲಿಲ್ಲ ಕಣೋ ಸೀನ" ಎಂದಳು.

"ನನಗೆ ಗೊತ್ತಕ್ಕ" ಎಂದೆ.

"ನಿಂಗೆ ಗೊತ್ತು" ಎಂದು ಎದ್ದು ಒಳಗೆ ಹೋದಳು.