ಮಿಸ್ತ್ರಿಯವರ ಬಿಡುಗಡೆಗೆ ನಾನು ಹಾಕಿದ ಸಹಿ

ಕಳೆದ ವಾರ ಬೀದರಿನ ನಮ್ಮ ಓಣಿಯಲ್ಲಿ ಕರೆಂಟು ಹೋದಾಗ ಕೆಳಗಿನ ಝೆರಾಕ್ಸ್ ಅಂಗಡಿಯವರು ಜನರೇಟರನ್ನು ಮೆಟ್ಟಿಲ ಕೆಳಗೇ ಇಟ್ಟು ಶುರು ಮಾಡಿದರು. ಸುಟ್ಟ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ಓಡಿಹೋಗಿ ಬಂದ್ ಮಾಡಿಸಿದೆ. ಅದನ್ನು ರಸ್ತೆಗೆ ಸಾಗಿಸುವವರೆಗೂ ಅಲ್ಲಿಂದ ಕದಲಲಿಲ್ಲ. ಆ ವಾಸನೆ ಬಂದರೆ ನನಗೆ ಮಿಸ್ತ್ರಿಯವರು ನೆನಪಾಗುತ್ತಾರೆ…

ಬರಗಾಲದ ವರ್ಷಗಳವು. ನಾನು ಹಲಬರ್ಗಾದ ಶಾಲೆಯಲ್ಲಿ ಟೀಚರ್. ಭಾಲ್ಕಿಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸುತ್ತಲಿನ ಹಳ್ಳಿಗಳ ಪಂಪು, ಇಂಜಿನ್ನುಗಳನ್ನು ಅವರೇ ರಿಪೇರಿ ಮಾಡುತ್ತಿದ್ದರು. ಶಬ್ದ ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುವವರು. ನನ್ನ ಸ್ಟೋವು ಸರಿಯಾಗಿ ಉರಿಯದಿದ್ದರೆ ಗೋಡೆಯಾಚೆಯಿಂದಲೇ, ಪಿನ್ ಹಾಕ್ರಿ ಟೀಚರ್, ಎಂದು ಕೂಗುತ್ತಿದ್ದರು. ಅವರ ಹೆಂಡತಿಯನ್ನು ನಾನು ಆ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಶಾಲೆಯ ಹಿಂದಿನ ಬಾವಿಯ ನೀರು ತೀರಾ ಕೆಳಗೆ ಹೋಗಿತ್ತು. ಅಷ್ಟು ಆಳದ ನೀರನ್ನು ಮೇಲಿಟ್ಟ ಪಂಪು ಎಳೆಯದೆಂದು ಮಿಸ್ತ್ರಿಯವರು ಪೆಟ್ರೋಲಿನ ಸಣ್ಣ ಪಂಪನ್ನು ಬಾವಿಯೊಳಗಿನ ಕಲ್ಲಿನ ಕಟ್ಟೆಗೆ ಇಳಿಸಿ, ತಾವೂ ಇಳಿದರು. ನೀರು ಬಂತು. ಹೆಂಗಸರು ಕೊಡ ಹಿಡಿದರು. ಸ್ವಲ್ಪ ಹೊತ್ತಿಗೆ ಇಂಜಿನ್ ತಾನಾಗಿ ನಿಂತಿತು. ಕೂಗಿದರೆ ಉತ್ತರವಿಲ್ಲ.

ಯಾವಾಗಲೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯುತ್ತಿದ್ದರು, ಅದರಿಂದಲೇ ಜೀವ ಉಳಿಯಿತು. ಊರಿನ ಗಂಡಸರೆಲ್ಲ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ನೀರಿಗೆ ಬಂದ ಏಳೆಂಟು ಹೆಂಗಸರು, ನಾನು ಸೇರಿ ಎಳೆದೆವು. ಅಂಗೈ ಚರ್ಮ ಕಿತ್ತುಬಂತು. ಮೇಲೆ ಬಂದವರಿಗೆ ಎಚ್ಚರವಿರಲಿಲ್ಲ. ಆದರೆ ಮುಖ ಬಿಳಿಚಿಕೊಂಡಿರಲಿಲ್ಲ. ಬಿಸಿಲಲ್ಲಿ ನಡೆದು ಬಂದವರ ಹಾಗೆ ಕೆಂಪಗಿತ್ತು. ಅದನ್ನು ಕಂಡೇ ನಾವು ಧೈರ್ಯ ತಂದುಕೊಂಡೆವು.

ಜೀಪಿನಲ್ಲಿ ಬೀದರಿನ ಒಂದು ಆಸ್ಪತ್ರೆಗೆ ಕರೆತಂದೆವು. ಸುದ್ದಿ ತಿಳಿದು ವೈನಿಯೂ ಭಾಲ್ಕಿಯಿಂದ ಬಂದರು. ಅಲ್ಲಿದ್ದ ಡಾಕ್ಟರಮ್ಮ ತೀರ ಚಿಕ್ಕ ವಯಸ್ಸಿನವರು. ಮಿಸ್ತ್ರಿಯವರ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿ, ಹೈದರಾಬಾದಿನಲ್ಲಿದ್ದ ತಮ್ಮ ಗುರುಗಳಿಗೆ ಫೋನ್ ಮಾಡಿದರು. ವಿಷಗಾಳಿ ಕುಡಿದವರನ್ನು ನೋಡಿ ಪಳಗಿದ ತಜ್ಞರು ಅವರು. ಎಷ್ಟು ಹೊತ್ತು ಒಳಗಿದ್ದರು, ಎಚ್ಚರ ತಪ್ಪಿತ್ತೇ ಎಂದು ಅವರು ಕೇಳಿದ್ದಕ್ಕೆಲ್ಲ ನಾನು ಡಾಕ್ಟರಮ್ಮನ ಪಕ್ಕದಲ್ಲಿ ನಿಂತು ಉತ್ತರ ಹೇಳಿದೆ.

ಫೋನ್ ಇಟ್ಟು ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದರು. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ, ಮುಖ ಕೆಂಪಗಾಗುವುದೂ ಅದರಿಂದಲೇ ಎಂದರು. ಆರಾಮ ಕಂಡರೂ ಮಾಸ್ಕ್ ತೆಗೆಯಬಾರದು. ಹೈದರಾಬಾದಿನಲ್ಲಿ ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆಯಿದೆ, ಅಲ್ಲಿಗೆ ಕರೆದೊಯ್ದರೆ ಒಳ್ಳೆಯದು. ಎಚ್ಚರ ತಪ್ಪಿದವರಲ್ಲಿ ಕೆಲವರಿಗೆ ಎರಡು ಮೂರು ವಾರಗಳ ನಂತರ ನೆನಪೇ ಅಳಿಸಿಹೋಗಬಹುದು… ಇಷ್ಟನ್ನೂ ನನಗೆ ಬಿಡಿಸಿ ಹೇಳಿದರು.

ಮರುದಿನ ಬೆಳಿಗ್ಗೆ ಮಿಸ್ತ್ರಿಯವರು ಎದ್ದು ಕೂತಿದ್ದರು. ಮಾಸ್ಕ್ ಕೈಯಲ್ಲಿತ್ತು. ಔರಾದದಿಂದ ಇಬ್ಬರು ಬಂದು ಬಾಗಿಲಲ್ಲಿ ನಿಂತಿದ್ದರು. ಅಲ್ಲಿ ಒಂದು ಓಣಿಗೆಲ್ಲ ನೀರು ಕೊಡುತ್ತಿದ್ದ ಇಂಜಿನ್ ಕೆಟ್ಟು ಮೂರು ದಿನವಾಗಿತ್ತು.

"ಜನ ಕೊಡ ಹಿಡಕೊಂಡು ಕೂತಾರ, ನಾ ಇಲ್ಲಿ ಮಲಗಿ ಏನ್ ಮಾಡ್ಲಿ? ಹೋಗ್ತೇನಿ," ಎಂದರು.

ಡಾಕ್ಟರಮ್ಮ ಬಹಳ ಬೇಡಿಕೊಂಡರು. ಕೊನೆಗೆ, ಯಾರಾದರೂ ಓದಿದವರು ಸಹಿ ಹಾಕಿ ಕರೆದೊಯ್ಯಿರಿ ಎಂದು ಕಾಗದ ಮುಂದಿಟ್ಟರು. ವೈನಿ ನನ್ನ ಮುಖ ನೋಡಿದರು. ನಾನು ಮಿಸ್ತ್ರಿಯವರ ಮುಖ ನೋಡಿದೆ. ನಗುತ್ತಿದ್ದರು. ನೆನಪು ಹೋಗಬಹುದೆಂಬ ಮಾತನ್ನು ನಾನು ಅವರಿಬ್ಬರಿಗೂ ಹೇಳಲಿಲ್ಲ. ಸಹಿ ಹಾಕಿದೆ.

ಔರಾದದ ಇಂಜಿನ್ ಅದೇ ಸಂಜೆ ಓಡಿತಂತೆ. ಆಮೇಲೆ ಹದಿನೈದು ದಿನ ಎಲ್ಲ ಮೊದಲಿನಂತೆಯೇ ಇತ್ತು. ಡಾಕ್ಟರಮ್ಮ ಸುಮ್ಮನೆ ಹೆದರಿಸಿದರು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ ಕೂಡ.

ಮೂರನೆಯ ವಾರದಲ್ಲಿ ಒಂದು ದಿನ ಶಾಲೆಯಿಂದ ಬಂದಾಗ ಮಿಸ್ತ್ರಿಯವರು ಅಂಗಳದಲ್ಲಿ ಗೋಣಿಚೀಲದ ಮೇಲೆ ಪಂಪು ಬಿಚ್ಚಿಕೊಂಡು ಕೂತಿದ್ದರು. ಒಂದು ಸ್ಪ್ಯಾನರನ್ನು ನನ್ನತ್ತ ಚಾಚಿದರು.

"ಟೀಚರ್, ಇದಕ್ಕ ಏನಂತಾರ್ರಿ?"

ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕಗಳು ಕೆಳಗೆ ಬಿದ್ದವು. ನಾಲ್ಕೇ ದಿನಗಳಲ್ಲಿ ಹೆಜ್ಜೆ ಎಳೆಯತೊಡಗಿದರು, ಉಟ್ಟ ಧೋತರದಲ್ಲೇ ಒದ್ದೆ ಮಾಡಿಕೊಂಡರು, ವೈನಿಯನ್ನು ಯಾರೆಂದು ಕೇಳಿದರು.

ಮತ್ತೆ ಬೀದರಿಗೆ ಓಡಿದೆವು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಹೈದರಾಬಾದಿಗೆ ಫೋನ್ ಹೋಯಿತು. ಕೆಲವರು ತಿಂಗಳುಗಟ್ಟಲೆ ಆದಮೇಲೆ ಚೇತರಿಸಿಕೊಳ್ಳುತ್ತಾರೆ, ದಿನವೂ ನಡೆಸಿ, ಮಾತಾಡಿಸಿ ಎಂದು ಆ ತಜ್ಞರು ಹೇಳಿದರು. ವೈನಿ ಹಾಗೇ ಮಾಡಿದರು. ಅಂಗಳದಲ್ಲಿ ಕೈಹಿಡಿದು ನಡೆಸಿದರು. ನಾನು ಸಂಜೆ ಹೊತ್ತು ಸ್ಪ್ಯಾನರು, ಬೋಲ್ಟು, ವಾಷರು ಎಂದು ಒಂದೊಂದೇ ತೋರಿಸಿ ಹೆಸರು ಹೇಳಿಸುತ್ತಿದ್ದೆ. ವರ್ಷ ತುಂಬುವುದರೊಳಗೆ ನಡಿಗೆ ಬಂತು, ಹೆಂಡತಿಯ ಗುರುತು ಬಂತು. ಆದರೆ ಇಂಜಿನ್ ಮಾತ್ರ… ಶುರುವಾದ ಶಬ್ದ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಮುಂದಿನ ಬರದಲ್ಲಿ ವೈನಿ ಅವರನ್ನು ಕರೆದುಕೊಂಡು ಹೈದರಾಬಾದಿಗೆ ದುಡಿಯಲು ಹೋದರು.

ಜನರೇಟರ್ ಬಂದ್ ಮಾಡಿಸಿದ ಆ ದಿನವೇ ವೈನಿಯ ನಂಬರು ಹುಡುಕಿ ಫೋನ್ ಮಾಡಿದೆ. ಮಿಸ್ತ್ರಿಯವರು ಕಳೆದ ಚಳಿಗಾಲದಲ್ಲೇ ತೀರಿಕೊಂಡಿದ್ದರು. ತಿಳಿಸಲು ನನ್ನ ನಂಬರು ವೈನಿಯ ಬಳಿ ಇರಲಿಲ್ಲವಂತೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಆಗ ಹೇಳಿದೆ. ನೆನಪು ಹೋಗಬಹುದೆಂದು ಡಾಕ್ಟರಮ್ಮ ನನಗೆ ಮೊದಲೇ ಹೇಳಿದ್ದರು, ನಾನು ಮುಚ್ಚಿಟ್ಟೆ ಎಂದೆ.

ವೈನಿ ಹೇಳಿದರು: "ನನಗೂ ಹೇಳಿದ್ರು ಟೀಚರ್. ಸಹಿಗಿಂತ ಮೊದಲೇ, ನೀವು ಜೀಪ್ ನೋಡ್ಲಿಕ್ಕ ಹೋದಾಗ. ನಾನೂ ಇವರ ನಗೋ ಮುಖಾನೇ ನಂಬಿದೆ."

ಇಬ್ಬರೂ ಫೋನ್ ಇಡಲಿಲ್ಲ. ಆಕೆ ಅಳುವುದು ನನಗೆ ಕೇಳುತ್ತಿತ್ತು. ನಾನು ಅಳುವುದು ಆಕೆಗೂ ಕೇಳಿರಬೇಕು.